ಒಂದೇ ಗೇರು, ಅಗಲದ ಟೈರು: ಯಾವುದನ್ನು ಮೊದಲು ಹೊಂದಿಸಬೇಕು?

ಒಂದೇ ಗೇರಿನ ಮೌಂಟನ್ ಬೈಕಿಗೆ ಅಗಲದ ಟೈರು ಹಾಕಿದರೆ ಬದಲಾಗುವುದು ಟೈರೊಂದೇ ಅಲ್ಲ. ಚಕ್ರ ಎತ್ತರವಾಗಿ ಗೇರು ಭಾರವಾಗುತ್ತದೆ. ಗೇರು ಹಗುರ ಮಾಡೋಣ ಅಂತ ಹಿಂದಿನ ಸ್ಪ್ರಾಕೆಟ್, ಅಂದರೆ ಹಿಂದಿನ ಚಕ್ರದ ಹಲ್ಲಿನ ಬಿಲ್ಲೆ, ದೊಡ್ಡದು ಹಾಕಿದರೆ, ಅದೇ ಚೈನಿನಲ್ಲಿ ಆಕ್ಸಲ್ (ಚಕ್ರದ ಅಚ್ಚು) ಮುಂದಕ್ಕೆ ಸರಿಯುತ್ತದೆ. ಆಕ್ಸಲ್ ಮುಂದೆ ಬಂತೆಂದರೆ ಆ ಅಗಲದ ಟೈರೇ ಫ್ರೇಮಿಗೆ ಉಜ್ಜಲು ಶುರುಮಾಡುತ್ತದೆ. ಗೇರುಗಳಿರುವ ಸೈಕಲ್ಲಿನಲ್ಲಿ ಇದ್ಯಾವುದೂ ತಲೆಗೆ ಬರುವುದಿಲ್ಲ, ಗೇರು ಬದಲಿಸುತ್ತ ಚೈನನ್ನು ಬಿಗಿ ಹಿಡಿಯುವ ಡಿರೇಲರ್ ಎಲ್ಲವನ್ನೂ ಸರಿದೂಗಿಸಿಕೊಂಡು ಹೋಗುತ್ತದೆ. ಇಲ್ಲಿ ಅದು ಇಲ್ಲ. ಹಾಗಾಗಿ ಕೆಲಸದ ಕ್ರಮ ಮುಖ್ಯ: ಮೊದಲು ಟೈರು ಮತ್ತು ಗಾಳಿ, ಆಮೇಲೆ ಗೇರು, ಆಮೇಲೆ ಚೈನಿನ ನೇರ, ಕೊನೆಗೆ ಚೈನಿನ ಬಿಗಿ. ಉಲ್ಟಾ ಹೊರಟರೆ ಮಾಡಿದ್ದನ್ನೇ ಎರಡೆರಡು ಸಲ ಮಾಡಬೇಕಾಗುತ್ತದೆ.

ಟೈರು, ರಿಮ್, ಸಂದು

29 ಇಂಚಿನ ಚಕ್ರ ಅಂದರೆ ರಿಮ್ಮಿನ ಅಳತೆ 622 ಮಿ.ಮೀ., 27.5 ಅಂದರೆ 584, ಹಳೆಯ 26 ಅಂದರೆ 559. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಈ ಸಂಖ್ಯೆಯನ್ನೇ ನಂಬಿ, ಇಂಚಿನ ಹೆಸರನ್ನಲ್ಲ. ಟೈರಿನ ಎತ್ತರ ಹೆಚ್ಚುಕಮ್ಮಿ ಅದರ ಅಗಲದಷ್ಟೇ ಇರುತ್ತದೆ. ಅದರಂತೆ 29 ಇಂಚಿನ ರಿಮ್ಮಿಗೆ 2.2 ಇಂಚು ಅಗಲದ ಟೈರು ಹಾಕಿದರೆ ಚಕ್ರದ ಒಟ್ಟು ವ್ಯಾಸ ಸುಮಾರು 734 ಮಿ.ಮೀ., 2.6 ಹಾಕಿದರೆ 754, 3.0 ಹಾಕಿದರೆ 774. 27.5ರ ರಿಮ್ಮಿನಲ್ಲಿ 2.8 ಹಾಕಿದರೆ 726 ಆಗುತ್ತದೆ, ಅಂದರೆ 29ರ 2.2ಕ್ಕಿಂತ ಕೂದಲೆಳೆಯಷ್ಟು ಗಿಡ್ಡ. 29 ಇಂಚಿನ ಎಷ್ಟೋ ಫ್ರೇಮುಗಳಿಗೆ 27.5ರ ದಪ್ಪ ಟೈರಿನ ಚಕ್ರ ಕೂರುವುದು ಇದೇ ಕಾರಣಕ್ಕೆ, ಆದರೆ ಅಗಲಕ್ಕೆ ಜಾಗವಿದ್ದರೆ ಮಾತ್ರ.

ರಿಮ್ಮಿನ ಒಳ ಅಗಲ ಟೈರಿಗೆ ಒಪ್ಪಬೇಕು. 2.3ರಿಂದ 2.5ರವರೆಗಿನ ಟೈರಿಗೆ 28ರಿಂದ 30 ಮಿ.ಮೀ., 2.6ಕ್ಕೆ 30ರಿಂದ 35, 2.8 ಮತ್ತು 3.0ಕ್ಕೆ 35ರಿಂದ 40. ಸಪೂರ ರಿಮ್ಮಿನ ಮೇಲೆ ದಪ್ಪ ಟೈರು ಕೂರಿಸಿದರೆ ಅದು ಬುಡ ಸಣ್ಣ, ತಲೆ ದಪ್ಪ ಆಗಿ, ಗಾಳಿ ಇಳಿಸಿದ ಕೂಡಲೇ ತಿರುವಿನಲ್ಲಿ ಪಕ್ಕಕ್ಕೆ ಮಗುಚುತ್ತದೆ. ಆಗ ಗಾಳಿ ಜಾಸ್ತಿ ಹೊಡೆಯಲೇಬೇಕು, ಹೊಡೆದರೆ ದಪ್ಪ ಟೈರು ಹಾಕಿದ ಲಾಭವೇ ಹೋಯಿತು. 2.8 ಟೈರು ತಂದು ಹಳೆಯ 21 ಮಿ.ಮೀ. ರಿಮ್ಮಿಗೆ ಹಾಕುವುದಕ್ಕಿಂತ ಅದೇ ರಿಮ್ಮಿಗೆ ಒಳ್ಳೆಯ 2.25 ಹಾಕುವುದು ಲೇಸು.

ಸಂದು ನೋಡುವಾಗ ಹಿಂದಿನ ಚಕ್ರದ ಮೇಲೆ ಗಮನ ಇರಲಿ. ಪೆಡಲಿನ ಬುಡದಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಎರಡು ಕೊಳವೆಗಳು, ಅಂದರೆ ಚೈನ್‌ಸ್ಟೇಗಳು, ಟೈರಿನ ಎರಡೂ ಕಡೆ ಕನಿಷ್ಠ 6 ಮಿ.ಮೀ. ಬಿಟ್ಟಿರಬೇಕು. ಆರು ಮಿ.ಮೀ. ದಪ್ಪದ ಅಲೆನ್ ಕೀ ಎರಡೂ ಬದಿಯಲ್ಲಿ ಸಲೀಸಾಗಿ ನುಗ್ಗಿದರೆ ಸರಿ. ಕೆಸರಿನ ದಾರಿಯಾದರೆ ಇನ್ನೂ ಹೆಚ್ಚು ಬೇಕು. ಟೈರು ಹೊಸದಾಗಿ ಹಾಕಿದ ದಿನದ ಅಳತೆ ನಂಬಬೇಡಿ. ಗಾಳಿ ತುಂಬಿ ಒಂದೆರಡು ದಿನ ಬಿಟ್ಟ ಮೇಲೆ ಅದು ಒಂದೆರಡು ಮಿ.ಮೀ. ಹಿಗ್ಗಿರುತ್ತದೆ. ಆಕ್ಸಲ್ ಹಿಂದೆ ಮುಂದೆ ಸರಿಯುವ ಫ್ರೇಮಾದರೆ, ಅದು ತೀರಾ ಮುಂದಿದ್ದಾಗ ಎಷ್ಟು ಜಾಗ ಉಳಿಯುತ್ತದೆ ಅನ್ನುವುದೇ ನಿಜವಾದ ಅಳತೆ. ಹಿಂದಕ್ಕೆ ಎಳೆದಿಟ್ಟು ಅಳೆದು ಸಮಾಧಾನ ಪಟ್ಟುಕೊಳ್ಳುವುದು ಬೇಡ.

ಗಾಳಿ

ಅಗಲದ ಟೈರಿಗೆ ತಾನಾಗಿ ಹಿಡಿತ ಬರುವುದಿಲ್ಲ. ನೆಲಕ್ಕೆ ತಾಗುವ ಜಾಗ ಎಷ್ಟು ಅನ್ನುವುದನ್ನು ಬಹುಪಾಲು ನಿರ್ಧರಿಸುವುದು ಗಾಳಿಯ ಒತ್ತಡ. ಹಿಂದಿನ ಚಕ್ರದ ಮೇಲೆ 50 ಕೆ.ಜಿ. ಭಾರ ಇದೆ ಅಂದುಕೊಳ್ಳಿ. 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದರೆ ಸುಮಾರು 24 ಚದರ ಸೆಂ.ಮೀ. ರಬ್ಬರು ನೆಲಕ್ಕೆ ತಾಗಿರುತ್ತದೆ, 20 ಇದ್ದರೆ 36, 15ಕ್ಕೆ ಇಳಿಸಿದರೆ 47. ಅಗಲದ ಟೈರು ಮಾಡುವ ಉಪಕಾರ ಏನೆಂದರೆ, ರಿಮ್ ಕಲ್ಲಿಗೆ ಬಡಿಯದ ಹಾಗೆ ಅಷ್ಟು ಕೆಳಗೆ ಇಳಿಯಲು ಅವಕಾಶ ಕೊಡುವುದು. ಇನ್ನೊಂದು ವಿಷಯ: ಒಳಗಿನ ಒತ್ತಡ ಒಂದೇ ಇದ್ದರೂ ದಪ್ಪ ಟೈರಿನ ಮೈ ಹೆಚ್ಚು ಬಿಗಿದುಕೊಳ್ಳುತ್ತದೆ. 2.2ರಲ್ಲಿ ಹಿತವಾಗಿದ್ದ 25 ಪಿಎಸ್‌ಐ 2.8ರಲ್ಲಿ ಕಲ್ಲಿನಂತಿರುತ್ತದೆ. ಟೈರು ಬದಲಿಸಿ ಹಳೆಯ ಒತ್ತಡವನ್ನೇ ಹೊಡೆದು, "ದಪ್ಪ ಟೈರಲ್ಲಿ ಏನೂ ವ್ಯತ್ಯಾಸ ಗೊತ್ತಾಗಲ್ಲ" ಅನ್ನುವವರು ಬೇಕಾದಷ್ಟು ಮಂದಿ.

ಟ್ಯೂಬ್ ಇಲ್ಲದ ಟೈರು, ಸವಾರ ಸುಮಾರು 75 ಕೆ.ಜಿ. ಅಂತಿಟ್ಟುಕೊಂಡರೆ 2.4ಕ್ಕೆ ಮುಂದೆ 18–20, ಹಿಂದೆ 21–23; 2.6ಕ್ಕೆ ಮುಂದೆ 15–17, ಹಿಂದೆ 18–20, 2.8 ಮತ್ತು 3.0ಕ್ಕೆ ಮುಂದೆ 12–14, ಹಿಂದೆ 14–17. ತೂಕದಲ್ಲಿ ಪ್ರತಿ 5 ಕೆ.ಜಿ. ಹೆಚ್ಚುಕಡಿಮೆಗೆ 1 ಪಿಎಸ್‌ಐ ಏರಿಸಿ, ಇಳಿಸಿ. ಟ್ಯೂಬ್ ಇದ್ದರೆ 3–4 ಹೆಚ್ಚು ಬೇಕು, ಇಲ್ಲದಿದ್ದರೆ ಕಲ್ಲು ಹೊಡೆದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ನಾಲ್ಕು ಇಂಚು ದಾಟಿದ ಫ್ಯಾಟ್ ಟೈರುಗಳದ್ದು ಬೇರೆಯೇ ಲೆಕ್ಕ, ಅಲ್ಲಿ 10 ಪಿಎಸ್‌ಐ ಅಂದರೇ ಜಾಸ್ತಿ.

ಇದೆಲ್ಲ ಶುರುವಿನ ಅಂಕಿ. ಇಲ್ಲಿಂದ ಒಂದೊಂದೇ ಪಿಎಸ್‌ಐ ಇಳಿಸುತ್ತ ಪರಿಚಯದ ದಾರಿಯಲ್ಲೇ ಓಡಿಸಿ ನೋಡಿ. ತಿರುವಿನಲ್ಲಿ ಹಿಂಭಾಗ ಜೋಲಿ ಹೊಡೆದಂತಾದರೆ, ಅಥವಾ ರಿಮ್ ಟಣ್ ಅಂತ ಕಲ್ಲಿಗೆ ಬಡಿದರೆ ಒಂದೂವರೆ ಏರಿಸಿ ಅಲ್ಲಿಗೆ ನಿಲ್ಲಿಸಿ. ಒಂದೇ ಗೇರಿನ ಸೈಕಲ್ಲಿಗೆ ಇನ್ನೊಂದು ಪರೀಕ್ಷೆ ಸೇರುತ್ತದೆ: ಎದ್ದು ನಿಂತು ತುಳಿಯುವಾಗ ಹಿಂದಿನ ಟೈರು ಪ್ರತಿ ತುಳಿತಕ್ಕೂ ಕುಗ್ಗಿ ಹಿಗ್ಗಿ ಸೈಕಲ್ಲನ್ನು ಕುಣಿಸುತ್ತಿದೆಯೇ? ಹಾಗಿದ್ದರೆ ಹಿಂದೆ ಇನ್ನೊಂದು ಪಿಎಸ್‌ಐ ಬೇಕು. ಕೂತು ತುಳಿಯುವವನಿಗೆ ಸಾಕಾಗುವ ಒತ್ತಡ ನಿಂತು ತುಳಿಯುವವನಿಗೆ ಸಾಲದು. ಮುಂದಿನ ಟೈರಿನಲ್ಲಿ ತೀರಾ ಕಡಿಮೆ ಇದ್ದರೆ ಹ್ಯಾಂಡಲ್ ತಾನಾಗಿ ಒಳಕ್ಕೆ ಎಳೆಯುತ್ತದೆ, ಗಟ್ಟಿ ನೆಲದ ತಿರುವಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಹದಿನೈದರ ಆಸುಪಾಸಿನಲ್ಲಿ ಒಂದು ಪಿಎಸ್‌ಐ ಅಂದರೆ ಶೇ. 7ರಷ್ಟು ವ್ಯತ್ಯಾಸ. 160ರವರೆಗೆ ಗುರುತಿರುವ ದೊಡ್ಡ ಪಂಪಿನ ಮುಳ್ಳಿಗೆ ಅದನ್ನು ತೋರಿಸುವ ನಾಜೂಕು ಇಲ್ಲ. ಕಡಿಮೆ ಒತ್ತಡಕ್ಕೆಂದೇ ಮಾಡಿದ ಪುಟ್ಟ ಗೇಜು ಬೇಕು. ಇಡೀ ಸೈಕಲ್ಲಿಗೆ ಒಂದೇ ಒಂದು ಹೊಸ ವಸ್ತು ಕೊಳ್ಳುವುದಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಟ್ಯೂಬ್ ಇಲ್ಲದ ಟೈರಿನೊಳಗೆ ತೂತು ಮುಚ್ಚಲು ಹಾಕುವ ದ್ರವ, ಅಂದರೆ ಸೀಲೆಂಟ್, 29ರ 2.4ಕ್ಕೆ ಸುಮಾರು 100 ಮಿ.ಲೀ., 2.6ಕ್ಕೆ 120, 3.0ಕ್ಕೆ 150. ಅದು ಕೆಲವು ತಿಂಗಳಲ್ಲಿ ಒಣಗುತ್ತದೆ, ಬಿಸಿಲು ಹೆಚ್ಚಿದ್ದಲ್ಲಿ ಇನ್ನೂ ಬೇಗ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ದ್ರವದ ಸದ್ದು ಬರದಿದ್ದರೆ ಮುಗಿದಿದೆ ಎಂದೇ ಅರ್ಥ.

ಗೇರು

ಹಳೆಯ 26 ಇಂಚಿನ ಕಾಲದಿಂದ ಬಂದ ಸೂತ್ರ ಎರಡಕ್ಕೆ ಒಂದು: ಮುಂದೆ 32 ಹಲ್ಲು, ಹಿಂದೆ 16. ಇದನ್ನೇ 29ಕ್ಕೆ ಹಾಕಿದರೆ ಬೆಟ್ಟದ ದಾರಿಯಲ್ಲಿ ಮಂಡಿ ಉಳಿಯುವುದಿಲ್ಲ. 29ಕ್ಕೆ 32–20 (ಮುಂದೆ 32, ಹಿಂದೆ 20 ಹಲ್ಲು) ಒಳ್ಳೆಯ ಆರಂಭ. ಏರು ಕಡಿದಾಗಿದ್ದರೆ 32–21 ಅಥವಾ 32–22, ಬಯಲು ಜಾಸ್ತಿ ಇದ್ದರೆ 32–18.

32–20ರಲ್ಲಿ ಪೆಡಲು ಒಂದು ಸುತ್ತು ಬಂದರೆ, 2.4ರ ಟೈರಿದ್ದಾಗ, ಸೈಕಲ್ಲು ಸುಮಾರು 3.7 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 13 ಕಿ.ಮೀ., 80 ತುಳಿದರೆ 18, 100 ತುಳಿದರೆ 22. ಅದರ ಮೇಲೆ ಕಾಲು ಗಾಳಿಯಲ್ಲಿ ತಿರುಗಿದಂತೆ. 32–18ರಲ್ಲಿ ಇದೇ 100 ಸುತ್ತಿಗೆ ಸುಮಾರು 25 ಕಿ.ಮೀ. ಸಿಗುತ್ತದೆ. ಚಪ್ಪಟೆ ದಾರಿಯಲ್ಲಿ ನಿಧಾನ ಅನ್ನಿಸಿದ ಮಾತ್ರಕ್ಕೆ ಗೇರು ಭಾರ ಮಾಡಬೇಡಿ. ಯಾವ ಏರನ್ನು ಇಳಿಯದೆ ಹತ್ತಬೇಕೋ ಆ ಏರೇ ನಿಮ್ಮ ಗೇರನ್ನು ಆರಿಸಬೇಕು.

ಈಗ ಟೈರಿನ ವಿಷಯಕ್ಕೆ ಬನ್ನಿ. 20 ಹಲ್ಲಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಅಂದರೆ ಶೇ. 5. 29ರಲ್ಲಿ 2.2ರಿಂದ 2.6ಕ್ಕೆ ಹೋದರೆ ಚಕ್ರ ಶೇ. 2.7 ದೊಡ್ಡದಾಗುತ್ತದೆ, ಅಂದರೆ ಅರ್ಧ ಹಲ್ಲಿನಷ್ಟು ಭಾರ. 3.0ಕ್ಕೆ ಹೋದರೆ ಶೇ. 5.4, ಪೂರ್ತಿ ಒಂದು ಹಲ್ಲು. ಇದರ ಜೊತೆಗೆ ಟೈರಿನ ತೂಕ ಬೇರೆ, ಒಂದೊಂದಕ್ಕೆ 200–300 ಗ್ರಾಂ ಸುಲಭವಾಗಿ ಏರುತ್ತದೆ. ಒಂದೇ ಗೇರಿನಲ್ಲಿ ಮೂಲೆ ಮೂಲೆಗೂ ವೇಗ ಇಳಿದು ಮತ್ತೆ ಏರಿಸಬೇಕಾಗುವುದರಿಂದ ಈ ಭಾರ ಕಾಲಿಗೆ ನೇರವಾಗಿ ತಿಳಿಯುತ್ತದೆ. ಹಾಗಾಗಿ 2.2ರಲ್ಲಿ 32–19 ಓಡಿಸುತ್ತಿದ್ದವರು 2.8 ಅಥವಾ 3.0 ಹಾಕುವಾಗ 20 ಹಲ್ಲಿನದನ್ನೂ ಜೊತೆಗೇ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಲೆಕ್ಕದಲ್ಲಿ ನಂಬಿಕೆ ಇಲ್ಲದಿದ್ದರೆ ಅಳೆದೇ ನೋಡಿ. ಟೈರು ನೆಲಕ್ಕೆ ತಾಗುವ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ನೆಲದ ಮೇಲೂ ಹಾಕಿ. ಸೈಕಲ್ಲಿನ ಮೇಲೆ ಕೂತೇ, ಮಾಮೂಲಿ ಗಾಳಿಯಲ್ಲೇ, ಚಕ್ರ ಒಂದು ಸುತ್ತು ಬರುವವರೆಗೆ ಮುಂದೆ ಹೋಗಿ ಮತ್ತೆ ಗುರುತು ಹಾಕಿ. ಎರಡು ಗುರುತಿನ ನಡುವಿನ ದೂರವನ್ನು ಹಲ್ಲಿನ ಅನುಪಾತದಿಂದ ಗುಣಿಸಿದರೆ ಒಂದು ತುಳಿತದ ದೂರ ಬಂತು. ಕೂರದೆ ತಳ್ಳಿಕೊಂಡು ಹೋಗಿ ಅಳೆದರೆ ಒಂದೆರಡು ಸೆಂ.ಮೀ. ಜಾಸ್ತಿ ಬರುತ್ತದೆ, ಟೈರು ಭಾರಕ್ಕೆ ಕುಗ್ಗಿರುವುದಿಲ್ಲವಲ್ಲ.

ಗೇರು ಭಾರವಾಗಿರುವ ಮೊದಲ ಲಕ್ಷಣ ಮಂಡಿಯ ಮುಂಭಾಗದಲ್ಲಿ, ಚಿಪ್ಪಿನ ಸುತ್ತ ನೋವು. ಮೊದಲು ಸೀಟಿನ ಎತ್ತರ ನೋಡಿ, ತಗ್ಗಾಗಿದ್ದರೂ ಇದೇ ನೋವು ಬರುತ್ತದೆ. ಸೀಟು ಸರಿಯಿದ್ದರೆ ಹಿಂದೆ ಒಂದು ಹಲ್ಲು ಹೆಚ್ಚಿಸಿ. ಇದರಲ್ಲಿ ಹಟ ಬೇಡ.

ಚೈನು

ಚೈನ್‌ರಿಂಗ್ (ಪೆಡಲಿನ ಕಡೆಯ ಹಲ್ಲಿನ ಬಳೆ) ಮತ್ತು ಸ್ಪ್ರಾಕೆಟ್ ಒಂದೇ ಗೆರೆಯಲ್ಲಿರಬೇಕು. ಮುಂದೆ ಅಳೆಯಲು ಸೀಟಿನ ಕೊಳವೆಯ ಮೈಯಿಂದ ಹಲ್ಲಿನ ನಡುವಿನವರೆಗೆ ಅಳೆದು, ಕೊಳವೆಯ ಅರ್ಧ ದಪ್ಪ ಸೇರಿಸಿ. ಹಿಂದೆ ಅಳೆಯಲು, ಫ್ರೇಮಿನಲ್ಲಿ ಆಕ್ಸಲ್ ಕೂರುವ ತುದಿಯಾದ ಡ್ರಾಪ್‌ಔಟಿನ ಒಳಮೈಯಿಂದ ಸ್ಪ್ರಾಕೆಟ್ಟಿನ ನಡುವಿನವರೆಗೆ ಅಳೆದು, ಅದನ್ನು ಹಬ್ಬಿನ (ಚಕ್ರದ ನಡುಗುಂಬದ) ಅರ್ಧ ಅಗಲದಿಂದ ಕಳೆಯಿರಿ. 148 ಮಿ.ಮೀ. ಹಬ್ಬಾದರೆ ಅರ್ಧ 74. ಸ್ಪ್ರಾಕೆಟ್ 22 ಮಿ.ಮೀ. ಒಳಗಿದ್ದರೆ 52. ಮುಂದೆಯೂ 52 ಬಂದರೆ ಸರಿಹೋಯಿತು. ಒಂದು ಮಿ.ಮೀ. ಆಚೀಚೆ ಆದರೆ ತೊಂದರೆಯಿಲ್ಲ. ಎರಡು ದಾಟಿದರೆ ಚೈನು ಗೊರಗುಟ್ಟಲು ಶುರುವಾಗಿ ಹಲ್ಲಿನ ಒಂದೇ ಪಕ್ಕ ಉಜ್ಜಿ ಹೊಳೆಯುತ್ತದೆ. ಹಲವು ಸ್ಪ್ರಾಕೆಟ್ ಕೂರಿಸುವ ಕ್ಯಾಸೆಟ್ ಹಬ್ಬಾದರೆ ಸ್ಪೇಸರ್ ಬಳೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕಿ ಸ್ಪ್ರಾಕೆಟ್ಟನ್ನು ಬೇಕಾದಲ್ಲಿಗೆ ತರಬಹುದು.

ಅಗಲದ ಟೈರಿಗೆ ಒಂದೇ ಗೇರು ಚೆನ್ನಾಗಿ ಒಪ್ಪುವುದು ಇಲ್ಲಿ. ಗೇರುಗಳಿರುವ ಸೈಕಲ್ಲಿನಲ್ಲಿ ಅತಿ ಹಗುರದ ಗೇರಿಗೆ ಹಾಕಿದಾಗ ಚೈನು ಒಳಕ್ಕೆ ಓರೆಯಾಗಿ ದಪ್ಪ ಟೈರಿನ ನಾಬುಗಳಿಗೆ (ಮೈಮೇಲಿನ ರಬ್ಬರು ಗುಬುಟುಗಳಿಗೆ) ತೀರಾ ಹತ್ತಿರ ಬರುತ್ತದೆ. ಇಲ್ಲಿ ಚೈನು ಒಂದೇ ಗೆರೆಯಲ್ಲಿರುತ್ತದೆ. 2.8 ಟೈರಿನ ಅರ್ಧ ಅಗಲ 36 ಮಿ.ಮೀ. ಅಂದುಕೊಂಡರೆ, 52ರ ಗೆರೆಯಲ್ಲಿರುವ ಚೈನಿನ ಒಳಮೈಗೂ ಟೈರಿಗೂ ಒಂದು ಸೆಂ.ಮೀ.ಗಿಂತ ಹೆಚ್ಚು ಜಾಗ ಉಳಿಯುತ್ತದೆ.

ಸ್ಪ್ರಾಕೆಟ್ ಕೊಳ್ಳುವಾಗ ಬುಡ ಅಗಲವಿರುವುದನ್ನೇ ಕೊಳ್ಳಿ. ಹಳೆಯ ಕ್ಯಾಸೆಟ್ಟಿನಿಂದ ಕಿತ್ತ ತೆಳು ತಗಡಿನ ಸ್ಪ್ರಾಕೆಟ್ ಅಲ್ಯೂಮಿನಿಯಂ ಹಬ್ಬಿನ ಮೈಯನ್ನು ಕೊರೆದುಬಿಡುತ್ತದೆ. ಯಾಕೆ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ: 75 ಕೆ.ಜಿ. ಸವಾರ 175 ಮಿ.ಮೀ. ಕ್ರ್ಯಾಂಕಿನ (ಪೆಡಲಿನ ತೋಳಿನ) ಮೇಲೆ ಬರೀ ತನ್ನ ತೂಕ ಬಿಟ್ಟು ನಿಂತರೂ 32 ಹಲ್ಲಿನ ರಿಂಗಿನಿಂದ ಚೈನಿನ ಮೇಲೆ ಬೀಳುವ ಎಳೆತ ಸುಮಾರು 2000 ನ್ಯೂಟನ್, ಅಂದರೆ 200 ಕೆ.ಜಿ. ತೂಗುಹಾಕಿದಷ್ಟು. ಹ್ಯಾಂಡಲ್ ಹಿಡಿದು ಎಳೆದು ತುಳಿದರೆ ಇನ್ನೂ ಹೆಚ್ಚು. ಆ ಬಲವೆಲ್ಲ ಒಂದೇ ಸ್ಪ್ರಾಕೆಟ್ಟಿನ ಮೂಲಕ ಹಬ್ಬಿಗೆ ಹೋಗಬೇಕು. ಸ್ಪ್ರಾಕೆಟ್ಟನ್ನು ಹಬ್ಬಿಗೆ ಹಿಡಿದಿಡುವ ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿಯಿರಿ. ಮುಂದಿನ ರಿಂಗಿಗೆ ಎತ್ತರದ ಹಲ್ಲಿರಲಿ, ಗೇರು ಬದಲಿಸಲೆಂದು ಅಲ್ಲಲ್ಲಿ ಕತ್ತರಿಸಿದ ಹಲ್ಲಿನ ರಿಂಗು ಬೇಡ. ಚೈನು ಕಳಚುವುದೇ ಅಂಥ ಜಾಗದಲ್ಲಿ.

ಇದೇ 200 ಕೆ.ಜಿ. ಎಳೆತದಿಂದ ಇನ್ನೊಂದು ತಾಪತ್ರಯ ಹುಟ್ಟುತ್ತದೆ. ಆಕ್ಸಲ್ ಅಡ್ಡ ಸೀಳಿನಲ್ಲಿ ಕೂರುವ ಫ್ರೇಮಿನಲ್ಲಿ ಈ ಬಲದ ಬಹುಪಾಲು ಬೀಳುವುದು ಬಲಗಡೆಯ ನಟ್ಟಿನ ಮೇಲೆ. ನಟ್ಟು ಸಾಕಷ್ಟು ಬಿಗಿಯಿಲ್ಲದಿದ್ದರೆ ಬಲತುದಿ ಮುಂದಕ್ಕೆ ಜಾರಿ, ಚಕ್ರ ಓರೆಯಾಗಿ, ಟೈರು ಎಡ ಚೈನ್‌ಸ್ಟೇಗೆ ತಾಗುತ್ತದೆ. ಸಪೂರ ಟೈರಾದರೆ ಎರಡು ಮಿ.ಮೀ. ಜಾರಿದರೂ ಗೊತ್ತೇ ಆಗದೆ ಓಡುತ್ತದೆ. ಅಗಲದ ಟೈರಿನಲ್ಲಿ ಅಷ್ಟು ಸಾಕು, ಏರಿನ ನಡುವೆ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ಇಳಿದು ನೋಡಿದರೆ ಎಡಕೊಳವೆಯ ಒಳಮೈಯಲ್ಲಿ ಬಣ್ಣ ಹೋಗಿ ಲೋಹ ಮಿನುಗುತ್ತಿರುತ್ತದೆ. ಆಕ್ಸಲ್ ನಟ್ಟಿಗೆ 35ರಿಂದ 40 ನ್ಯೂಟನ್ ಮೀಟರ್ ಬೇಕು, ಅದರ ಕೆಳಗೆ ಗರಗಸದಂಥ ಹಲ್ಲಿರುವ ವಾಷರ್ ಇರಲಿ. ನಟ್ಟಿನ ಬದಲು ಸನ್ನೆ ಮಡಚಿ ಬಿಗಿಯುವ ಕ್ವಿಕ್ ರಿಲೀಸ್ ಇದ್ದರೆ ಕ್ಯಾಮ್ ಒಳಗೆ ಮುಚ್ಚಿಕೊಂಡಿರುವ ಉಕ್ಕಿನದ್ದೇ ಆಗಬೇಕು, ಹೊರಗೆ ತೆರೆದ ಕ್ಯಾಮಿನ ಹಗುರದವು ಇಲ್ಲಿ ಹಿಡಿಯುವುದಿಲ್ಲ. ಆಕ್ಸಲ್ಲನ್ನು ಹಿಂದಕ್ಕೆ ಹಿಡಿದಿಡುವ ಚೈನ್ ಟಗ್ ಒಂದನ್ನು ಬಲಗಡೆ ಹಾಕಿದರೆ ಜಾರುವ ಮಾತೇ ಇಲ್ಲ.

ಡ್ರಾಪ್‌ಔಟ್ ಪೂರ್ತಿಯಾಗಿ ಸರಿಯುವ ಫ್ರೇಮು ಸಿಕ್ಕಿದರೆ ಅದು ಎಲ್ಲಕ್ಕಿಂತ ಸುಖ, ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಆಕ್ಸಲ್ ಜೊತೆಗೇ ಸರಿಯುತ್ತದೆ. ಅಡ್ಡ ಸೀಳಿನ ಫ್ರೇಮಿನಲ್ಲಿ ಚಕ್ರ ಸರಿಸಿದಾಗಲೆಲ್ಲ ಕ್ಯಾಲಿಪರನ್ನೂ ಹೊಂದಿಸಬೇಕು. ಪೆಡಲಿನ ಬುಡವೇ ಓರೆಯಾಗಿ ತಿರುಗುವ ಎಕ್ಸೆಂಟ್ರಿಕ್ ಬಿಬಿ (ಬಾಟಮ್ ಬ್ರಾಕೆಟ್, ಕ್ರ್ಯಾಂಕ್ ತಿರುಗುವ ಬೇರಿಂಗ್) ಇದ್ದರೆ ಆಕ್ಸಲ್ ಮುಟ್ಟುವ ಅಗತ್ಯವಿಲ್ಲ, ಟೈರಿನ ಸಂದು ಯಾವತ್ತೂ ಬದಲಾಗದು. ಅಗಲದ ಟೈರಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಧೂಳು ಒಳಗೆ ಹೊಕ್ಕರೆ ಕಿರುಗುಟ್ಟುತ್ತದೆ, ಆಗಾಗ ಬಿಚ್ಚಿ ಒರೆಸಿ ಗ್ರೀಸ್ ಹಚ್ಚಬೇಕು. ಗೇರಿನ ಸೈಕಲ್ಲನ್ನೇ ಮಾರ್ಪಡಿಸುವವರ ಫ್ರೇಮಿನಲ್ಲಿ ಆಕ್ಸಲ್ ಸರಿಯುವುದೇ ಇಲ್ಲ, ಅವರಿಗೆ ಚೈನನ್ನು ಬಿಗಿಯಾಗಿ ಇಡುವ ಟೆನ್ಷನರ್ ಬೇಕು. ಚೈನನ್ನು ಕೆಳಕ್ಕೆ ಎಳೆಯುವುದಕ್ಕಿಂತ ಮೇಲಕ್ಕೆ ಒತ್ತುವ ಟೆನ್ಷನರ್ ಮೇಲು, ಸ್ಪ್ರಾಕೆಟ್ಟಿನ ಹೆಚ್ಚು ಹಲ್ಲುಗಳಿಗೆ ಚೈನು ಸುತ್ತಿಕೊಳ್ಳುತ್ತದೆ. ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ಲಿಗೆ ಸ್ಪ್ರಿಂಗಿನ ಟೆನ್ಷನರ್ ಇಲ್ಲದೆ ಆಗುವುದೇ ಇಲ್ಲ.

ನೆನಪಿನಲ್ಲಿಡಬೇಕಾದ ಅಳತೆಗಳು ಮೂರು. ಚೈನು ಅದೇ ಇದ್ದು ಒಂದು ಹಲ್ಲು ಹೆಚ್ಚಿಸಿದರೆ ಆಕ್ಸಲ್ ಸುಮಾರು 3.2 ಮಿ.ಮೀ. ಮುಂದೆ ಬರುತ್ತದೆ. ಹಾಫ್ ಲಿಂಕ್ (ಅರ್ಧ ಕೊಂಡಿ) ಒಂದನ್ನು ಸೇರಿಸಿದರೆ 6.4 ಹಿಂದೆ ಹೋಗುತ್ತದೆ, ಪೂರ್ತಿ ಕೊಂಡಿಯಾದರೆ 12.7. ಅಂದರೆ 20ರಿಂದ 22ಕ್ಕೆ ಹೋಗಿ ಜೊತೆಗೆ ಹಾಫ್ ಲಿಂಕ್ ಸೇರಿಸಿದರೆ ಚಕ್ರ ಇದ್ದಲ್ಲೇ ಇರುತ್ತದೆ. ಆದರೆ ಒಂದು ತೊಡಕಿದೆ: ಒಂದು ಹಲ್ಲು ದಪ್ಪ, ಒಂದು ಸಣ್ಣ ಇರುವ ನ್ಯಾರೋ-ವೈಡ್ ರಿಂಗಿಗೆ ಹಾಫ್ ಲಿಂಕ್ ಆಗದು. ಆ ಕೊಂಡಿ ದಾಟಿದ ಮೇಲೆ ಸಣ್ಣ ಸಂದಿಗೆ ದಪ್ಪ ಹಲ್ಲು ಬಂದು ಚೈನು ರಿಂಗಿನ ಮೇಲೆ ಹತ್ತಿ ಕೂರುತ್ತದೆ. ಒಂದೇ ಗೇರಿಗೆ ನ್ಯಾರೋ-ವೈಡ್ ಬೇಕಾಗಿಯೂ ಇಲ್ಲ.

ಬಿಗಿ ನೋಡುವಾಗ ಕ್ರ್ಯಾಂಕನ್ನು ಪೂರ್ತಿ ಒಂದು ಸುತ್ತು ನಿಧಾನವಾಗಿ ತಿರುಗಿಸಿ. ಒಂದು ಕಡೆ ಬಿಗಿಯಾಗಿ, ಇನ್ನೊಂದು ಕಡೆ ಸಡಿಲವಾಗಿ ಬರುತ್ತದೆ, ಯಾವ ರಿಂಗೂ ಪರಿಪೂರ್ಣ ದುಂಡಗೆ ಕೂತಿರುವುದಿಲ್ಲ. ಅತಿ ಬಿಗಿ ಇರುವಲ್ಲಿ ನಿಲ್ಲಿಸಿ, ಕೆಳಗಿನ ಚೈನಿನ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಒಟ್ಟು 10ರಿಂದ 12 ಮಿ.ಮೀ. ಆಡಬೇಕು. ಬೆರಳಿಗೆ ತಂತಿಯಂತೆ ಗಟ್ಟಿ ಸಿಕ್ಕಿದರೆ ಬೇರಿಂಗಿಗೆ ಕೇಡು, ತುಳಿಯಲೂ ಭಾರ. ಬಿಗಿಗೂ ಸಡಿಲಿಗೂ ತೀರಾ ವ್ಯತ್ಯಾಸ ಇದ್ದರೆ ರಿಂಗಿನ ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಿ. ಬಿಗಿಯಾದ ಜಾಗಕ್ಕೆ ತಂದು ಚೈನಿನ ಮೇಲೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ರಿಂಗು ಒಂದಿಷ್ಟು ಸರಿಯುತ್ತದೆ. ತಿರುಗಿಸಿ, ಮತ್ತೆ ತಟ್ಟಿ, ಸಮವಾದ ಮೇಲೆ ಬೋಲ್ಟುಗಳನ್ನು ಎದುರುಬದುರಾಗಿ 8ರಿಂದ 10 ನ್ಯೂಟನ್ ಮೀಟರಿಗೆ ಬಿಗಿಯಿರಿ. ಬೋಲ್ಟಿಲ್ಲದೆ ನೇರವಾಗಿ ಕ್ರ್ಯಾಂಕಿಗೆ ಕೂರುವ ರಿಂಗುಗಳಲ್ಲಿ ಈ ಉಪಾಯ ನಡೆಯದು.

ತುಳಿಯುವುದು

ಏರಿನಲ್ಲಿ ತುಳಿತ ನಿಮಿಷಕ್ಕೆ 60ಕ್ಕಿಂತ ಕೆಳಗಿಳಿಯುವ ಮೊದಲೇ ಎದ್ದು ನಿಲ್ಲಿ. ಪೂರ್ತಿ ಸುಸ್ತಾದ ಮೇಲೆ ಎದ್ದರೆ ಒಂದೆರಡು ತುಳಿತದಲ್ಲೇ ಕಾಲು ನೆಲಕ್ಕೆ. ನಿಂತಾಗ ಮೈಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಹಗುರಾಗುತ್ತದೆ, ಸಡಿಲ ಜಲ್ಲಿಯಲ್ಲಿ ಗಿರ್ ಅಂತ ತಿರುಗಿಬಿಡುತ್ತದೆ. ಸೊಂಟ ಹಿಂದಿರಲಿ, ಸೀಟಿನ ಮೂತಿ ತೊಡೆಯ ಒಳಭಾಗಕ್ಕೆ ಸವರುವಷ್ಟು. ಮೊಣಕೈ ಮಡಚಿ ಎದೆ ತಗ್ಗಿಸಿ. ಕಡಿದಾದಷ್ಟೂ ಎದೆ ಹ್ಯಾಂಡಲಿಗೆ ಹತ್ತಿರ ಬರಬೇಕು, ಸೊಂಟ ಮಾತ್ರ ಮುಂದೆ ಬರಬಾರದು.

ನಿಧಾನವಾಗಿ ತುಳಿಯುವಾಗ ಬಲ ಸಮವಾಗಿ ಹೋಗುವುದಿಲ್ಲ. ಪೆಡಲು ಸಮತಲಕ್ಕೆ ಬಂದಾಗ ಗಕ್ಕೆಂದು ಬಲ ಬೀಳುತ್ತದೆ, ಮೇಲೆ ಕೆಳಗೆ ಇದ್ದಾಗ ಏನೂ ಇಲ್ಲ. ಟೈರು ಜಾರುವುದು ಆ ಗಕ್ಕೆನ್ನುವ ಕ್ಷಣದಲ್ಲಿ. ಕಡಿಮೆ ಗಾಳಿಯ ಅಗಲದ ಟೈರು ಇಲ್ಲಿ ಕೈಹಿಡಿಯುತ್ತದೆ, ಕಲ್ಲಿನ ಅಂಚಿಗೆ ಮೈಬಗ್ಗಿಸಿ ಅಪ್ಪಿಕೊಳ್ಳುತ್ತದೆ. ಇದಕ್ಕಾಗಿಯೇ ಹಿಂದಿನ ಟೈರಿನ ನಡುವೆ ಅಡ್ಡ ಅಂಚಿರುವ ನಾಬುಗಳಿರಬೇಕು. ನುಣ್ಣನೆ ಓಡುತ್ತದೆ ಅಂತ ಸವೆದ ಮೈಯ ಟೈರು ಹಿಂದೆ ಹಾಕುವ ಅಭ್ಯಾಸ ಗೇರಿನ ಸೈಕಲ್ಲಿಗೆ ಸರಿ, ಇಲ್ಲಿಗಲ್ಲ.

ಕಲ್ಲುಗಳ ನಡುವೆ ಪೂರ್ತಿ ಸುತ್ತು ತುಳಿಯಲು ಜಾಗ ಇಲ್ಲದಿದ್ದಾಗ ಪೆಡಲನ್ನು ಕಾಲು ಸುತ್ತು ಹಿಂದೆ ತಂದು ಮತ್ತೆ ಒತ್ತುತ್ತಾ ಹೋಗಬೇಕು. ಹಬ್ಬು ಎಷ್ಟು ಬೇಗ ಕಚ್ಚುತ್ತದೆ ಅನ್ನುವುದು ಆಗ ಲೆಕ್ಕಕ್ಕೆ ಬರುತ್ತದೆ. ಸುತ್ತಿಗೆ 18 ಸಲ ಕಚ್ಚುವ ಹಬ್ಬಿನಲ್ಲಿ 20 ಡಿಗ್ರಿಯವರೆಗೆ ಸ್ಪ್ರಾಕೆಟ್ ಪೊಳ್ಳು ತಿರುಗುತ್ತದೆ, 72 ಸಲ ಕಚ್ಚುವುದರಲ್ಲಿ ಐದೇ ಡಿಗ್ರಿ.

ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕಿಗೆ ಅಗಲದ ಟೈರು ಜೋಡಿಸಿದವರು ಒಂದು ಮಾತು ಗಮನದಲ್ಲಿಡಬೇಕು. ಟೈರು ಗುದ್ದನ್ನು ನುಂಗುತ್ತದೆ, ಆದರೆ ಮರಳಿ ಚಿಮ್ಮಿಸುತ್ತದೆ. ಅದನ್ನು ತಡೆಯುವ ಡ್ಯಾಂಪರ್ ಅದರೊಳಗಿಲ್ಲ. ಸಣ್ಣ ಕಲ್ಲು, ಬೇರುಗಳಲ್ಲಿ ಹಿತವಾಗಿರುವ ಅದೇ ಟೈರು ವೇಗದಲ್ಲಿ ಸಾಲು ಸಾಲು ಉಬ್ಬುಗಳ ಮೇಲೆ ಪುಟಿಯತೊಡಗುತ್ತದೆ. ಆಗ ಉಪಯೋಗಕ್ಕೆ ಬರುವುದು ನಿಮ್ಮ ಮೊಣಕೈ ಮೊಣಕಾಲುಗಳೇ. ಇಳಿಜಾರಿನಲ್ಲಿ ಗಂಟೆಗೆ 25 ಕಿ.ಮೀ. ದಾಟಿದ ಮೇಲೆ ತುಳಿದು ಪ್ರಯೋಜನವಿಲ್ಲ. ಪೆಡಲು ಸಮತಲದಲ್ಲಿಟ್ಟು, ಬ್ರೇಕು ಕಡಿಮೆ ಹಿಡಿದು, ಮುಂದಿನ ಏರಿಗೆ ಆ ವೇಗವನ್ನು ಉಳಿಸಿಕೊಳ್ಳಿ. ಕಳೆದುಕೊಂಡ ವೇಗವನ್ನು ಮರಳಿ ಪಡೆಯಲು ಇಲ್ಲಿ ಹಗುರದ ಗೇರು ಇಲ್ಲ.

ಸವೆತ, ಸದ್ದು, ಜೊತೆಗಿರಬೇಕಾದ್ದು

ಚೈನಿನ 12 ಪೂರ್ತಿ ಕೊಂಡಿಗಳು ಹೊಸದರಲ್ಲಿ 304.8 ಮಿ.ಮೀ. ಇರುತ್ತವೆ. 307 ಆದಾಗ ಬದಲಿಸಿ. ಸವೆದ ಚೈನು ಉದ್ದವಾಗುತ್ತ ಆಕ್ಸಲ್ಲನ್ನು ಹಿಂದಕ್ಕೆ ಕಳಿಸಿರುತ್ತದೆ. ಹೊಸದು ಹಾಕಿದ ದಿನ ಚಕ್ರ ನಾಲ್ಕೈದು ಮಿ.ಮೀ. ಮುಂದೆ ಬಂದು ಕೂರುತ್ತದೆ, ಟೈರಿನ ಸಂದನ್ನು ಆವತ್ತು ಮತ್ತೆ ನೋಡಬೇಕು. ಸ್ಪ್ರಾಕೆಟ್ ಎರಡೂ ಮಗ್ಗುಲು ಒಂದೇ ಆಕಾರದ್ದಾದರೆ ತಿರುಗಿಸಿ ಹಾಕಿ ಇನ್ನಷ್ಟು ಕಾಲ ಓಡಿಸಬಹುದು.

ತುಳಿಯುವಾಗ ಟಕ್ ಟಕ್ ಅಂದರೆ ತಕ್ಷಣ ಬಿಬಿಯನ್ನು ದೂರುವುದು ಎಲ್ಲರ ರೂಢಿ. ನಿಂತಾಗ ಸದ್ದು ನಿಂತರೆ ಸೀಟು ಅಥವಾ ಸೀಟಿನ ಕಂಬ. ನಿಂತಾಗ ಮಾತ್ರ ಬಂದರೆ ಮೊದಲು ಹ್ಯಾಂಡಲ್ ಮತ್ತು ಸ್ಟೆಮ್ಮಿನ ಬೋಲ್ಟು, ಆಮೇಲೆ ರಿಂಗಿನ ಬೋಲ್ಟು, ಆಕ್ಸಲ್ ನಟ್ಟು, ಪೆಡಲಿನ ತಿರುಪು. ಬಿಬಿಯ ಸರದಿ ಕೊನೆಗೆ.

ದಾರಿಗೆ ಹೊರಡುವಾಗ 15 ಮಿ.ಮೀ. ಸ್ಪ್ಯಾನರ್ ಇರಲಿ, ನಟ್ಟಿನ ಆಕ್ಸಲ್ಲಿಗೆ ಅದಿಲ್ಲದೆ ಚಕ್ರ ಬಿಚ್ಚಲಾಗದು. ಟೈರಿನ ತೂತಿಗೆ ತುರುಕುವ ಪ್ಲಗ್, ಒಂದು ಟ್ಯೂಬು; 2.6 ಟೈರಿಗೆ ಮಾಮೂಲಿ 2.2ರ ಟ್ಯೂಬು ಹಿಗ್ಗಿ ಮನೆ ಮುಟ್ಟಿಸುತ್ತದೆ, ದಪ್ಪ ಟ್ಯೂಬಿನ ಭಾರ ಹೊರಬೇಕಿಲ್ಲ. ಪಂಪು ಮಾತ್ರ ದೊಡ್ಡ ಹೊಟ್ಟೆಯದ್ದಿರಲಿ, ರಸ್ತೆ ಸೈಕಲ್ಲಿನ ಸಪೂರ ಪಂಪಿನಲ್ಲಿ 2.8 ಟೈರು ತುಂಬಿಸಲು ತೋಳು ಬಿದ್ದುಹೋಗುತ್ತದೆ. ಚೈನ್ ಟೂಲ್, ಕ್ವಿಕ್ ಲಿಂಕ್ (ಚೈನು ಜೋಡಿಸುವ ಕೊಂಡಿ), ಇವುಗಳ ಜೊತೆ ಹಳೆಯ ಚೈನಿನ ನಾಲ್ಕು ಕೊಂಡಿಯ ತುಂಡೊಂದನ್ನು ಮರೆಯಬೇಡಿ. ಗೇರಿನ ಸೈಕಲ್ಲಿನಲ್ಲಿ ಚೈನು ತುಂಡಾದರೆ ಕೆಟ್ಟ ಕೊಂಡಿ ತೆಗೆದು, ಗಿಡ್ಡ ಮಾಡಿ ಸೇರಿಸಿಕೊಂಡು ಮನೆಗೆ ಬರಬಹುದು. ಇಲ್ಲಿ ಒಂದು ಕೊಂಡಿ ತೆಗೆದರೂ ಆಕ್ಸಲ್ 12.7 ಮಿ.ಮೀ. ಮುಂದೆ ಬರಬೇಕು, ಸಪೂರ ಟೈರಿದ್ದಾಗ ಅಲ್ಲಿ ಇದ್ದ ಜಾಗವನ್ನು ಈಗ ಅಗಲದ ಟೈರು ತಿಂದಿರುತ್ತದೆ.